ನಶ್ಯದ ಡಬ್ಬಿಯಲ್ಲ, ಅಪ್ಪನ ಕರಡಿಗೆ

ಬನಹಟ್ಟಿ ಬಿಡುವ ಮೊದಲು

ಇಟಲಿಗೆ ಹೋಗಿ ಬಂದವರು ಓರೆಯಾಗಿ ನಿಂತ ಗೋಪುರದ ಬಗ್ಗೆ ಬರೆಯುತ್ತಾರೆ, ನೀರಿನ ಮೇಲೆ ಕಟ್ಟಿದ ಊರಿನ ಬಗ್ಗೆ ಬರೆಯುತ್ತಾರೆ. ನಾನು ಎರಡನ್ನೂ ನೋಡಲಿಲ್ಲ. ಆ ದೇಶದಲ್ಲಿ ನಾನು ಕಣ್ಣರಳಿಸಿದ್ದಕ್ಕಿಂತ ಹಲ್ಲು ಕಡಿದದ್ದೇ ಹೆಚ್ಚು. ಬಂದು ಇಷ್ಟು ದಿನವಾದರೂ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ನಾನೂ ಕಾಯುತ್ತಿಲ್ಲ.

ನಾನು ಬನಹಟ್ಟಿಯ ನೇಕಾರ. ಕೈಮಗ್ಗದ ಲಾಳಿ ಎಸೆದು ಕಲಿತವನು, ಈಗ ಪವರ್‌ಲೂಮಿನ ಖಟಖಟದಲ್ಲಿ ಕಿವಿ ಅರ್ಧ ಕಳೆದುಕೊಂಡವನು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಕಡೆಯ ಕೆಲವು ಮಗ್ಗದ ಮಾಲಕರು ಕೂಡಿ ಮಿಲಾನ್ ಶಹರದಲ್ಲಿ ನಡೆಯುವ ಹೊಸ ಮಗ್ಗಗಳ ಪ್ರದರ್ಶನಕ್ಕೆ ಹೋಗುವುದೆಂದು ಠರಾವಾಯಿತು. ರಬಕವಿಯ ಮಲ್ಲಣ್ಣ ನನ್ನ ಗೆಳೆಯ. ಅವನೇ ನನ್ನನ್ನು ಎಳೆದ. ‘ನೀ ಬರಲಿಲ್ಲಂದ್ರ ನಾ ಯಾರ ಜೋಡಿ ಜಗಳಾಡ್ಲಿ?’ ಎಂದ.

ಸುದ್ದಿ ಅಪ್ಪನಿಗೆ ಮುಟ್ಟಿತು. ಅಪ್ಪನಿಗೆ ಆಗ ಎಪ್ಪತ್ತರ ಹತ್ತಿರ. ಉಸಿರಿನ ಬೇನೆ ಹಿಡಿದು ಹೊರಸು ಬಿಟ್ಟು ಏಳುತ್ತಿರಲಿಲ್ಲ. ಜಮಖಂಡಿಯ ಡಾಕ್ಟರು ನನ್ನನ್ನು ಹೊರಗೆ ಕರೆದು, ಈ ಚಳಿಗಾಲ ದಾಟಿದರೆ ದೇವರ ದಯೆ ಎಂದಿದ್ದರು.

‘ಇಟಲಿಗೆ ಹೊಂಟೀಯಂತ?’ ಎಂದ ಅಪ್ಪ.

‘ಹೂಂ ಅಪ್ಪಾ, ಮಗ್ಗ ನೋಡಾಕ.’

‘ನೋಡು, ಬ್ಯಾಡ ಅನ್ನೂದಿಲ್ಲ. ಬರೂ ಮುಂದ ನಂದು ಇಸಕೊಂಡು ಬಾ. ಕೈಯಾಗ ಅದಿಲ್ಲದ ನನ್ನ ಕುಣ್ಯಾಗ ಕುಂಡ್ರಸಬ್ಯಾಡ್ರಿ.’

ಏನು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿಗೂ ಅದು ಗೊತ್ತು. ಯುದ್ಧದ ಕಾಲಕ್ಕೆ ಮಗ್ಗದ ಧಂದೆ ಬಿದ್ದಿತ್ತು. ಅಪ್ಪ ಬೆಳಗಾವಿಗೆ ಹೋಗಿ ಪಲ್ಟಣ ಸೇರಿದ. ನಾನಾಗ ತೊಟ್ಟಿಲಲ್ಲಿದ್ದೆ. ಆಫ್ರಿಕಾದ ಮರಳಿನಲ್ಲಿ ಅವನೂ ಅವನ ಜೊತೆಯವರೂ ಸೆರೆ ಸಿಕ್ಕರು. ಹಡಗಿನಲ್ಲಿ ತುಂಬಿ ಇಟಲಿಗೆ ಒಯ್ದರು. ಅಲ್ಲಿ ಒಂದು ಗುಡ್ಡದ ಊರಿನ ಕ್ಯಾಂಪಿನ ಬಾಗಿಲಲ್ಲಿ ಎಲ್ಲರ ಮೈಮೇಲಿನ ಸಾಮಾನು ಇಸಿದುಕೊಂಡರು: ಗಡಿಯಾರ, ಉಂಗುರ, ತಾಯತ, ಹೆಂಡತಿಯ ಫೋಟೋ. ಅಪ್ಪನ ಕೊರಳಿನ ಬೆಳ್ಳಿಯ ಕರಡಿಗೆಯನ್ನೂ ತೆಗೆದುಕೊಂಡರು. ಅದರೊಳಗೆ ಅವನ ಇಷ್ಟಲಿಂಗವಿತ್ತು. ಬಿಡುಗಡೆಯ ದಿನ ತಿರುಗಿ ಕೊಡುತ್ತೇವೆ ಎಂದು ಚೀಟಿ ಕೊಟ್ಟರು. ಮುಂದೆ ಆ ಸರ್ಕಾರವೇ ಬಿತ್ತು. ಜರ್ಮನಿಯವರು ಬಂದು ಸೆರೆಯಾಳುಗಳನ್ನು ಗೂಡ್ಸ್ ಗಾಡಿಗೆ ತುಂಬಿ ತಮ್ಮ ದೇಶಕ್ಕೆ ಸಾಗಿಸಿದರು. ಮನುಷ್ಯರು ಹೋದರು, ಸಾಮಾನು ಅಲ್ಲೇ ಉಳಿಯಿತು. ಚೀಟಿ ಅಪ್ಪನ ಅಂಗಿಯ ಜೊತೆ ಹರಿದುಹೋಯಿತು.

ಇಷ್ಟಲಿಂಗವೆಂದರೆ ಕೂಸಿದ್ದಾಗ ಗುರು ಕೊರಳಿಗೆ ಕಟ್ಟುವುದು, ಸತ್ತಾಗ ಎಡ ಅಂಗೈಯಲ್ಲಿಟ್ಟು ಕುಣಿಯಲ್ಲಿ ಕೂಡಿಸುವುದು. ನಡುವೆ ಅದು ಮೈ ಬಿಟ್ಟಿರಕೂಡದು. ಲಿಂಗ ಹೋದರೆ ಜೀವ ಬಿಡಬೇಕು ಎನ್ನುವ ಹಳೆಯ ಮಾತು ನಮ್ಮಲ್ಲಿದೆ. ಈ ಮಾತನ್ನು ಹೇಳುವವರು ಯಾರೂ ಜೀವ ಬಿಟ್ಟದ್ದನ್ನು ನಾನು ಕಂಡಿಲ್ಲ. ಆದರೆ ಅಪ್ಪನಿಗೆ ಹೇಳಲು ಮಾತ್ರ ಎಲ್ಲರಿಗೂ ನಾಲಿಗೆ ಇತ್ತು. ಲಗ್ನದ ಪಂಕ್ತಿಯಲ್ಲಿ ಅವನ ಪಕ್ಕ ಕೂಡುತ್ತಿರಲಿಲ್ಲ. ನನಗೆ ಹೆಣ್ಣು ನೋಡಲು ಮುಧೋಳಕ್ಕೆ ಹೋದಾಗ, ಹೆಣ್ಣಿನ ಸೋದರಮಾವ ಎಲೆಯಡಿಕೆ ಜಗಿಯುತ್ತ, ‘ನಿಮ್ಮಪ್ಪ ಲಿಂಗ ಕಳಕೊಂಡು ಬಂದಾನಂತಲ್ಲ, ಹೆಂಗ ಉಳದಾನ?’ ಎಂದು ಕೇಳಿದ. ಹೇಗೆ ಉಳಿದಾನೆ! ಉಳಿದದ್ದೇ ತಪ್ಪು ಎನ್ನುವಂತೆ. ನಾನು ಚಹಾದ ಬಶಿಯನ್ನು ಅಲ್ಲೇ ಇಟ್ಟು ಎದ್ದು ಬಂದೆ. ಆ ಲಗ್ನ ಆಗಲಿಲ್ಲ, ಒಳ್ಳೆಯದೇ ಆಯಿತು.

ಅಪ್ಪ ಮಾತ್ರ ಸಿಟ್ಟಾಗುತ್ತಿರಲಿಲ್ಲ. ‘ಕಳಕೊಂಡಿಲ್ಲರಿ, ಇಸಕೊಂಡಾರ’ ಎನ್ನುತ್ತಿದ್ದ. ಮಠದ ಅಜ್ಜಾರು, ಅಂದರೆ ನಮ್ಮ ಸ್ವಾಮಿಗಳು, ಕರೆದು, ಹೊಸದು ಕೊಡುತ್ತೇನೆ, ಕಟ್ಟಿಕೋ ಎಂದರು. ಅಪ್ಪ ಕೈಮುಗಿದು, ‘ಮಗ ಪರದೇಶಕ್ಕ ಹೋಗ್ಯಾನಂತ ಇನ್ನೊಬ್ಬನ್ನ ದತ್ತಕ ತಗೊಳಾಕ ಆಕ್ಕೈತೇನ್ರಿ?’ ಎಂದ. ಅಜ್ಜಾರಿಗೆ ತಿಳಿಯಿತು. ತಿಳಿಯದವರು ಊರು ತುಂಬ ಇದ್ದರು.

‘ನಿನ್ನ ಕ್ಯಾಂಪ್ ಇದ್ದದ್ದು ಯಾ ಊರಪ್ಪಾ?’ ಎಂದು ಹೊರಡುವ ಮೊದಲು ನಾನು ಕೇಳಿದೆ.

‘ಸಂತಿಮರಿ.’

ಮಲ್ಲಣ್ಣ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. ‘ಸಂತ್ಯಾಗಿನ ಕುರಿಮರಿ ಏನಲೇ? ಇಂಥಾ ಹೆಸರಿನ ಊರು ಮುಧೋಳ ತಾಲೂಕಿನ್ಯಾಗೂ ಇಲ್ಲ, ಇಟಲ್ಯಾಗ ಎಲ್ಲಿ ಹುಡುಕ್ತಿ?’

ಮಿಲಾನ್

ಪ್ರದರ್ಶನದ ಮಗ್ಗಗಳಿಗೆ ಲಾಳಿಯೇ ಇರಲಿಲ್ಲ. ನೀರಿನ ಚಿಮ್ಮಿನಿಂದ ನೂಲು ಹಾಯುತ್ತಿತ್ತು, ಗಾಳಿಯಿಂದ ಹಾಯುತ್ತಿತ್ತು. ಬೇರೆ ಸಮಯವಾಗಿದ್ದರೆ ನಾನು ಅಲ್ಲೇ ಊಟ ನಿದ್ದೆ ಬಿಟ್ಟು ನಿಲ್ಲುತ್ತಿದ್ದೆ. ಈಗ ಕಣ್ಣು ಮಗ್ಗದ ಮೇಲೆ, ಮನಸ್ಸು ಸಂತಿಮರಿಯ ಮೇಲೆ. ಸೂಟು ಹಾಕಿದ ಯಾರನ್ನು ಕೇಳಿದರೂ ಹೆಗಲು ಕುಣಿಸಿ, ತುಟಿ ಕೆಳಗೆ ಮಾಡಿ, ಎರಡೂ ಕೈ ಬಿಚ್ಚಿ ತೋರಿಸುತ್ತಿದ್ದರು. ಅದು ಅವರ ಭಾಷೆಯಲ್ಲಿ ‘ಗೊತ್ತಿಲ್ಲ’ ಎಂದಂತೆ. ಕೈ ಕಟ್ಟಿಹಾಕಿದರೆ ಆ ದೇಶದಲ್ಲಿ ಯಾರೂ ಮಾತಾಡಲಾರರು.

ಅವರ ಕಾಫಿಯ ಬಗ್ಗೆ ಹೇಳದಿದ್ದರೆ ಮಲ್ಲಣ್ಣ ನನ್ನನ್ನು ಬಿಡುವುದಿಲ್ಲ. ಬೆರಳುದ್ದದ ಕಪ್ಪು, ತಳದಲ್ಲಿ ಒಂದು ಗುಟುಕು ಕರಿ ಕಷಾಯ. ನಿಂತೇ ಕುಡಿದು ಓಡಬೇಕು. ಮಲ್ಲಣ್ಣ ಕಪ್ಪಿನೊಳಗೆ ಇಣುಕಿ, ‘ಏ, ಇದು ಕುಡಿಯೂದೋ, ಕಣ್ಣಾಗ ಬಿಟ್ಕೊಳ್ಳೂದೋ?’ ಎಂದ. ಚೀಲದಲ್ಲಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಮೇಲೆ ಅವನ ಪ್ರವಾಸ ನಡೆದಿತ್ತು.

ಹೋಟೆಲಿನಲ್ಲಿ ಒಂದು ಫಜೀತಿ ಆಯಿತು. ಬೆಳಿಗ್ಗೆ ಮಿಂದು, ವಿಭೂತಿ ಹಚ್ಚಿಕೊಂಡು, ನನ್ನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಹಿಡಿದು ಕೂತಿದ್ದೆ. ಕೋಣೆ ಗುಡಿಸುವ ಹೆಂಗಸು ಬಾಗಿಲು ತೆರೆದಳು. ಬರಿಮೈಯಲ್ಲಿ ಬೂದಿ ಬಳಿದುಕೊಂಡು ಅಂಗೈಯನ್ನೇ ನೆಟ್ಟು ನೋಡುವ ಗಂಡಸನ್ನು ಕಂಡು ಆಕೆ ‘ಅಯ್ಯೋ’ ಎನ್ನುವಂಥದ್ದೇನೋ ಅಂದು ಓಡಿದಳು. ನನ್ನ ಪೂಜೆ ಮುಗಿಯುವಷ್ಟರಲ್ಲಿ ತಿರುಗಿ ಬಂದಳು, ಕೈಯಲ್ಲಿ ಹತ್ತಿ, ಪಟ್ಟಿ, ಔಷಧದ ಬಾಟಲಿ. ನನ್ನ ಅಂಗೈಗೆ ಗಾಯವಾಗಿದೆ ಎಂದುಕೊಂಡಿದ್ದಳು ಪಾಪ. ಕೈ ಹಿಡಿದು ತಿರುವಿ ನೋಡಿದಳು. ಗಾಯವಿಲ್ಲದ್ದಕ್ಕೆ ಸಮಾಧಾನಪಟ್ಟು, ನನ್ನ ಕರಡಿಗೆಯ ಕಡೆ ಒಮ್ಮೆ ನೋಡಿ, ತನ್ನ ಕೊರಳಿನ ಶಿಲುಬೆಯನ್ನು ಎತ್ತಿ ತೋರಿಸಿದಳು. ಸಂಬಳಕ್ಕೆ ಕಸ ಗುಡಿಸುವ ಹೆಂಗಸಿಗೆ ಒಂದು ಕ್ಷಣದಲ್ಲಿ ತಿಳಿದದ್ದು ಬಂದೂಕು ಹಿಡಿದವರಿಗೆ ಯಾಕೆ ತಿಳಿಯಲಿಲ್ಲ ಎಂದು ನಾನು ದಿನವಿಡೀ ಕುದಿಯುತ್ತಲೇ ಇದ್ದೆ.

ರೋಮ್

ಪ್ರದರ್ಶನ ಮುಗಿಸಿ ನಮ್ಮವರೆಲ್ಲ ರೋಮ್ ನೋಡಲು ಬಂದರು. ಬಸ್ ನಿಲ್ದಾಣದಲ್ಲಿ ನಾನೂ ಮಲ್ಲಣ್ಣನೂ ಜಗಳಕ್ಕೆ ಬಿದ್ದೆವು. ಅವನಿಗೆ ಹಳೆಯ ಕುಸ್ತಿ ಕಣ ನೋಡಬೇಕು, ನನಗೆ ಸಂತಿಮರಿ ಹುಡುಕಬೇಕು.

‘ಹೆಸರು ಗೊತ್ತಿಲ್ಲ, ದಾರಿ ಗೊತ್ತಿಲ್ಲ, ಎಲ್ಲಿ ಸಾಯಾಕ ಹೋಗ್ತಿಯಲೇ!’

‘ನಿಮ್ಮಪ್ಪನ ಲಿಂಗ ಆಗಿದ್ರ ಹಿಂಗ ಅಂತಿದ್ದೇನ್ ನೀ?’

ಪಕ್ಕದಲ್ಲಿ ಯಾರೋ ನಕ್ಕರು. ತಿರುಗಿ ನೋಡಿದರೆ ಬೂದುಬಣ್ಣದ ನಿಲುವಂಗಿಯ, ನಮ್ಮ ಬಣ್ಣದ ಒಬ್ಬ ಸಿಸ್ಟರ್. ‘ಎಂತ ಜಗಳ ಮಾರಾಯ್ರೆ ಇದು! ಇಲ್ಲಿ ಕನ್ನಡ ಕೇಳದೆ ವರ್ಷಗಟ್ಟಲೆ ಆಯ್ತು ನನಗೆ. ನಿಲ್ಲಿಸಬೇಡಿ, ಇನ್ನೂ ಸ್ವಲ್ಪ ಜಗಳ ಮಾಡಿ.’

ಮಂಗಳೂರಿನವರು, ಹೆಸರು ಸಿಸ್ಟರ್ ಲೂಸಿ. ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ದಾದಿ. ನಾನು ಹೇಳಿದ್ದನ್ನೆಲ್ಲ ಕೇಳಿದರು. ಸಂತಿಮರಿ ಎಂದಾಗ ಒಂದು ಕ್ಷಣ ಹುಬ್ಬು ಗಂಟಿಕ್ಕಿ, ಆಮೇಲೆ ಕೈ ಬಡಿದರು.

‘ಸಾಂತಾ ಮಾರಿಯಾ! ಮಾತೆ ಮರಿಯಮ್ಮನ ಹೆಸರು ಅದು. ಆದರೆ ಇವರೇ, ಈ ದೇಶದಲ್ಲಿ ನೂರಾರು ಸಾಂತಾ ಮಾರಿಯಾ ಉಂಟು. ಕಲ್ಲು ಎಸೆದಲ್ಲಿ ಒಂದು ಸಾಂತಾ ಮಾರಿಯಾ.’

‘ಹಂಗಾರ ಮುಗೀತು’ ಎಂದ ಮಲ್ಲಣ್ಣ.

‘ಮುಗಿಯುದು ಎಂತದು? ಹಿಂದೂಸ್ತಾನದ ಸೆರೆಯಾಳುಗಳನ್ನು ಇಟ್ಟ ಸಾಂತಾ ಮಾರಿಯಾ ನೂರು ಇಲ್ಲ. ನಮ್ಮ ಆಸ್ಪತ್ರೆಯಲ್ಲಿ ಮುದಿ ಪಾದ್ರಿಗಳು ಬೇಕಾದಷ್ಟು ಮಲಗಿದ್ದಾರೆ, ಅವರಿಗೆ ಹಳೇ ಕತೆ ಹೇಳುದು ಬಿಟ್ಟು ಬೇರೆ ಕೆಲಸ ಇಲ್ಲ. ಕೇಳ್ತೇನೆ.’

ಮರುದಿನವೇ ಊರು ಸಿಕ್ಕಿತು. ಅಲ್ಲಿ ಸೆರೆಯಾಳುಗಳ ಸಾಮಾನುಗಳನ್ನು ಜೋಡಿಸಿಟ್ಟ ಒಂದು ಚಿಕ್ಕ ವಸ್ತುಸಂಗ್ರಹವೂ ಇದೆ ಎಂದು ಒಬ್ಬ ಮುದಿ ಪಾದ್ರಿ ಹೇಳಿದ್ದರಂತೆ. ಸಿಸ್ಟರ್ ರಜೆ ಹಾಕಿ ನನ್ನ ಜೊತೆ ಹೊರಟರು. ಮಲ್ಲಣ್ಣನೂ ಕುಸ್ತಿ ಕಣ ಬಿಟ್ಟು ಬಂದ. ಬೈಯುತ್ತಲೇ ಬಂದ, ಅದು ಅವನ ಪ್ರೀತಿ.

ಸಂತಿಮರಿ

ಆ ಊರಿನ ಪೂರ್ತಿ ಹೆಸರನ್ನು ನಾನು ಬರೆಯುವುದಿಲ್ಲ. ಅಲ್ಲಿ ಒಳ್ಳೆಯವರೂ ಇದ್ದಾರೆ. ಗುಡ್ಡದ ನೆತ್ತಿಯ ಮೇಲೆ ಕಲ್ಲಿನ ಮನೆಗಳು, ಇಕ್ಕಟ್ಟಾದ ಓಣಿಗಳು. ನಾವು ಮುಟ್ಟಿದಾಗ ಮಧ್ಯಾಹ್ನ, ಊರಿಗೆ ಊರೇ ಬಾಗಿಲು ಹಾಕಿ ಮಲಗಿತ್ತು. ನಮ್ಮ ಜಮಖಂಡಿ ಪೇಟೆಯಲ್ಲೂ ಮಧ್ಯಾಹ್ನ ಅಂಗಡಿಯವನು ಗಾದಿಯ ಮೇಲೆ ಅಡ್ಡಾಗುತ್ತಾನೆ, ಆದರೆ ಗಿರಾಕಿ ಕೆಮ್ಮಿದರೆ ಏಳುತ್ತಾನೆ. ಇಲ್ಲಿ ನೀವು ಕೆಮ್ಮಿ ಕೆಮ್ಮಿ ಸತ್ತರೂ ಸಂಜೆಯ ತನಕ ಕದ ತೆಗೆಯುವುದಿಲ್ಲ.

ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದಾಗ ಕರಿ ಬಟ್ಟೆಯ ಒಬ್ಬ ಮುದುಕಿ ಬಂದಳು. ನಾವು ಯಾರೆಂದು ಸಿಸ್ಟರ್ ಹೇಳಿದರು. ಮುದುಕಿ ಒಳಗೆ ಹೋಗಿ ಒಂದು ಬೋಗುಣಿ ಅಂಜೂರ ತಂದಳು. ತಾನು ಹುಡುಗಿಯಿದ್ದಾಗ ಕ್ಯಾಂಪಿನ ತಂತಿಯ ಮೇಲಿಂದ ಕಪ್ಪು ಸಿಪಾಯಿಗಳಿಗೆ ಅಂಜೂರ ಎಸೆಯುತ್ತಿದ್ದೆ, ಕಾವಲಿನವರು ಬೈದರೂ ಬಿಡುತ್ತಿರಲಿಲ್ಲ ಎಂದಳಂತೆ. ಆ ಅಂಜೂರಗಳಲ್ಲಿ ಒಂದನ್ನು ಅಪ್ಪ ತಿಂದಿರಬಹುದು. ಆಕೆಯ ಮೇಲೆ ಸಿಟ್ಟಾಗಲು ಬರುವಂತಿರಲಿಲ್ಲ. ಅದೂ ಒಂದು ತ್ರಾಸು.

ಸಂಜೆ ವಸ್ತುಸಂಗ್ರಹದ ಬಾಗಿಲು ತೆರೆಯಿತು. ನೋಡಿಕೊಳ್ಳುವವರು ನಿವೃತ್ತ ಶಾಲಾ ಮಾಸ್ತರರು. ಎತ್ತರದ ಆಳು, ಟೈ ಕಟ್ಟಿದ್ದರು, ಬಹಳ ಸೌಜನ್ಯದವರು. ನಮಗೆ ಕುರ್ಚಿ ಒರೆಸಿ ಕೊಟ್ಟರು. ಅವರ ಸೌಜನ್ಯವೇ ನನ್ನ ಸಿಟ್ಟನ್ನು ಹೆಚ್ಚು ಮಾಡಿತು. ಬೈದರೆ ಬೈಯಬಹುದು, ಕುರ್ಚಿ ಒರೆಸಿದರೆ ಏನು ಮಾಡುವುದು?

ಕೋಣೆ ಬೆಚ್ಚಗಿತ್ತು. ತೇವ ತಾಕಬಾರದೆಂದು ಯಂತ್ರ ಇಟ್ಟಿದ್ದರು. ಗಾಜಿನ ಪೆಟ್ಟಿಗೆಗಳಲ್ಲಿ ಮಖಮಲ್ಲಿನ ಮೇಲೆ ಸಾಮಾನು ಸಾಲಾಗಿತ್ತು. ಬಾಚಣಿಕೆ. ದಾಡಿಯ ಬ್ರಷ್ಷು. ಮುಸಲ್ಮಾನರ ತಸ್ಬಿ, ಸಿಖ್ಖರ ಕಡಗ. ನಮ್ಮ ಕಡೆಯ ಸೀರೆ ಉಟ್ಟ ಒಬ್ಬಾಕೆಯ ಫೋಟೋ, ಯಾರ ಹೆಂಡತಿಯೋ. ಒಂದೊಂದರ ಕೆಳಗೂ ಚೆಂದದ ಅಕ್ಷರದ ಚೀಟಿ. ಆ ಫೋಟೋವನ್ನು ಅಂಗಿಯೊಳಗೆ ಇಟ್ಟುಕೊಂಡವನು ಇದೇ ಗುಡ್ಡದ ಮೇಲೆ ಹಿಮದಲ್ಲಿ ಹರಕು ಡೇರೆಯಲ್ಲಿ ಮಲಗಿದ್ದ. ಅಪ್ಪನ ಉಸಿರಿನ ಬೇನೆ ಇಲ್ಲಿಯದೇ. ಮನುಷ್ಯನಿಗೆ ಡೇರೆ, ಅವನ ಬಾಚಣಿಕೆಗೆ ಮಖಮಲ್ಲು! ಅದನ್ನು ಬಾಚಿಕೊಳ್ಳುವವನಿಗೆ ಆಗಲೇ ಕೊಟ್ಟಿದ್ದರೆ ಏನಾಗುತ್ತಿತ್ತು ಇವರಿಗೆ?

ಎರಡನೆಯ ಪೆಟ್ಟಿಗೆಯಲ್ಲಿ ಅದಿತ್ತು. ಬೆಳ್ಳಿ ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು. ತಲೆಕೆಳಗಾಗಿ ಇಟ್ಟಿದ್ದರು. ಚೀಟಿಯನ್ನು ಸಿಸ್ಟರ್ ಮೆಲ್ಲಗೆ ಓದಿದರು: ‘ನಶ್ಯದ ಡಬ್ಬಿ. ಬೆಳ್ಳಿ. ಹಿಂದೂಸ್ತಾನ. ತಳದಲ್ಲಿ ಬಳ್ಳಿ ಮತ್ತು ಎಲೆಗಳ ಚಿತ್ತಾರ.’

ನಾನು ಬಗ್ಗಿ ನೋಡಿದೆ. ಬಳ್ಳಿಯೂ ಅಲ್ಲ, ಎಲೆಯೂ ಅಲ್ಲ. ಜಮಖಂಡಿಯ ಅಕ್ಕಸಾಲಿ ಕೊರೆದ ದುಂಡನೆಯ ಕನ್ನಡ ಅಕ್ಷರಗಳು. ‘ಗುರಬಸಪ್ಪ, ಬನಹಟ್ಟಿ’ ಎಂದು ಅಪ್ಪನ ಹೆಸರನ್ನು ನಾನು ಗಟ್ಟಿಯಾಗಿ ಓದಿದೆ. ಮಲ್ಲಣ್ಣ ನನ್ನ ರಟ್ಟೆ ಹಿಡಿದುಕೊಂಡ.

ಮಾಸ್ತರರು ಪೆಟ್ಟಿಗೆಯ ಕೀಲಿ ತೆಗೆದು ಕರಡಿಗೆಯನ್ನು ನನ್ನ ಕೈಗೆ ಕೊಟ್ಟರು. ಮುಚ್ಚಳ ತೆರೆದೆ. ಒಳಗೆ ಬರಿದು.

‘ಒಳಗಿಂದು ಎಲ್ಲಿ?’ ಎಂದೆ. ಸಿಸ್ಟರ್ ಕೇಳಿದರು. ಮಾಸ್ತರರ ಮುಖ ಅರಳಿತು. ಉತ್ಸಾಹದಿಂದ, ಎರಡೂ ಕೈ ಆಡಿಸುತ್ತ ಹೇಳತೊಡಗಿದರು. ಸಿಸ್ಟರರ ಮುಖ ಬಾಡುತ್ತ ಹೋಯಿತು.

‘ಏನಂತಾರ್ರಿ ಸಿಸ್ಟರ್?’

‘ಹೇಳುದಕ್ಕೆ ನಾಲಿಗೆ ಏಳುದಿಲ್ಲ ನನಗೆ. ಒಳಗೆ ಡಾಂಬರಿನ ಹಾಗೆ ಕಪ್ಪು ಕೊಳೆ ಗಟ್ಟಿಯಾಗಿ ಕೂತಿತ್ತಂತೆ. ಶಹರದಿಂದ ಕಲಿತವರನ್ನು ಕರೆಸಿ, ಔಷಧ ಹಾಕಿ, ಬಹಳ ಜಾಗ್ರತೆಯಿಂದ ಕರಗಿಸಿ ತೆಗೆಸಿದ್ರಂತೆ. ನಡುವೆ ಒಂದು ಸಣ್ಣ ಕಲ್ಲು ಸಿಕ್ಕಿತಂತೆ, ಅದು ಒಳಗೆ ಡ್ರಾವರಿನಲ್ಲಿ ಉಂಟಂತೆ.’

ಕಂತಿ! ಗುರುಗಳು ಗೇರು, ತುಪ್ಪ, ಭಸ್ಮ ಕೂಡಿಸಿ ಲಿಂಗಕ್ಕೆ ಹೊದಿಸುವ ಕಪ್ಪು ಕವಚ. ಅದರೊಳಗಿನ ಬರಿ ಕಲ್ಲನ್ನು ಲಿಂಗ ಕಟ್ಟಿಕೊಂಡವನೇ ಎಂದೂ ನೋಡುವುದಿಲ್ಲ. ನನ್ನ ಕೊರಳಿನದನ್ನು ನಾನು ನೋಡಿಲ್ಲ. ಅದನ್ನು ಇವರು ಕೊಳೆಯೆಂದು ಸುಲಿದಿದ್ದಾರೆ. ಸುಲಿದು, ನೋಡಿ ಎಷ್ಟು ಚೊಕ್ಕ ಮಾಡಿದ್ದೇವೆ ಎಂದು ನಗುತ್ತಿದ್ದಾರೆ.

ನಾನು ಕೂಗಾಡಿದ್ದನ್ನು ಇಲ್ಲಿ ಪೂರ್ತಿ ಬರೆಯಲು ಬರುವುದಿಲ್ಲ, ಹೆಣ್ಣುಮಕ್ಕಳೂ ಓದುತ್ತಾರೆ. ‘ಕಸಗೊಂಡ್ರಿ, ಇಟಗೊಂಡ್ರಿ, ಇಷ್ಟ ವರ್ಷ ಒಂದ ಮಾತು ಕೇಳಲಿಲ್ಲ ಯಾರದಂತ! ನಿಮ್ಮಪ್ಪಂದೇನ್ರಿ ಅದು? ನಮ್ಮಪ್ಪ ಅಲ್ಲಿ ಜೀವಾ ಕೈಯಾಗ ಹಿಡಕೊಂಡು ಮಲಗ್ಯಾನ, ನೀವು ಇಲ್ಲಿ ಅವನ ದೇವರ ತೊಗಲು ಸುಲಿದು ಡ್ರಾವರಿನ್ಯಾಗ ಒಗದೀರಿ!’ ಇದಿಷ್ಟು ಬರೆಯಬಹುದಾದ ಭಾಗ. ಮಾಸ್ತರರು ಬೆರಗಾಗಿ ಸಿಸ್ಟರರ ಮುಖ ನೋಡಿದರು.

ಸಿಸ್ಟರ್ ಮಾತಾಡಿದರು. ದನಿ ಏರಿಸಲಿಲ್ಲ. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ಮಾಸ್ತರರ ಕೈ ಆಡುವುದು ನಿಂತಿತು. ಕನ್ನಡಕ ತೆಗೆದು ಹಾಗೇ ಕೈಯಲ್ಲಿ ಹಿಡಿದು ನಿಂತರು.

‘ಏನಂದ್ರಿ?’

‘ನಮ್ಮ ಚರ್ಚಿನಲ್ಲಿ ಪರಮಪ್ರಸಾದ ಇಡುವ ಬೆಳ್ಳಿಯ ಡಬ್ಬಿ ಉಂಟು. ಒಬ್ಬ ಸಿಪಾಯಿ ಅದನ್ನು ತಕ್ಕೊಂಡು ಹೋಗಿ, ಪ್ರಸಾದವನ್ನು ಹಳಸಿದ ರೊಟ್ಟಿ ಅಂತ ಕಸಕ್ಕೆ ಹಾಕಿ, ಡಬ್ಬಿಯನ್ನು ಮಾತ್ರ ತಿಕ್ಕಿ ಬಿಸ್ಕತ್ತಿನ ಡಬ್ಬಿ ಅಂತ ಚೀಟಿ ಅಂಟಿಸಿದ್ರೆ ನಿಮಗೆ ಹೇಗಾಗ್ತದೆ ಅಂತ ಕೇಳಿದೆ. ಅಷ್ಟೇ.’

ಮಾಸ್ತರರು ಒಳಗೆ ಹೋದರು. ಒಂದು ತಗಡಿನ ಡಬ್ಬಿ ತಂದರು. ಹತ್ತಿಯ ನಡುವೆ ಬಟಾಣಿಗಿಂತ ತುಸು ದೊಡ್ಡದಾದ ಬರಿ ಕಲ್ಲು. ಇದು ದಾಖಲೆಯಲ್ಲಿಲ್ಲ, ಬೆಲೆ ಇಲ್ಲದ್ದು, ಒಯ್ಯಬಹುದು. ಬೆಳ್ಳಿಯ ಡಬ್ಬಿ ಊರಿನ ಆಸ್ತಿ, ಅದಕ್ಕೆ ಊರ ಸಭೆ ಸೇರಬೇಕು, ಅರ್ಜಿ ಕೊಡಬೇಕು, ವರ್ಷವಾದರೂ ಹಿಡಿದೀತು ಎಂದರಂತೆ. ನನ್ನ ತಲೆ ಮತ್ತೆ ಸಿಡಿಯಿತು. ಬೆಳ್ಳಿಗೆ ಸಭೆ, ಲಿಂಗಕ್ಕೆ ತಗಡಿನ ಡಬ್ಬಿ! ಅಪ್ಪನ ಹೆಸರು ಕೊರೆದ ಸಾಮಾನು ನಿಮ್ಮ ಆಸ್ತಿ ಹೇಗೆ ಎಂದು ಮೇಜು ಗುದ್ದಿದೆ. ಮಲ್ಲಣ್ಣ ಕಿವಿಯಲ್ಲಿ ಹೇಳಿದ, ‘ನಿಮ್ಮಪ್ಪ ಬೆಳ್ಳಿ ತಾ ಅಂದಿದ್ನೇನ ನಿನಗ? ತಗೊಂಡು ನಡಿ, ಈ ಮಾಸ್ತರ ಮನಸ ತಿರುಗಿಸೂದ್ರಾಗ.’

ಅವನ ಮಾತು ಖರೆ. ಸಿಸ್ಟರ್ ತಮ್ಮ ಚೀಲದಿಂದ ಒಗೆದು ಮಡಿಚಿದ ಬಿಳಿ ಬಟ್ಟೆ ತೆಗೆದು ಕೊಟ್ಟರು. ಅದರಲ್ಲಿ ಸುತ್ತಿ ಎಡ ಮುಷ್ಟಿಯಲ್ಲಿ ಹಿಡಿದೆ. ಆದರೂ ಸುಮ್ಮನೆ ಹೊರಡಲು ಆಗಲಿಲ್ಲ. ಕರಡಿಗೆಯನ್ನು ನೆಟ್ಟಗೆ ತಿರುಗಿಸಿ ಇಟ್ಟೆ. ಹಳೆಯ ಚೀಟಿ ಹರಿದೆ. ‘ಬರೀರಿ’ ಎಂದೆ. ‘ಇದು ಬನಹಟ್ಟಿಯ ಗುರಬಸಪ್ಪನ ಲಿಂಗದ ಕರಡಿಗೆ. ಈ ಮನುಷ್ಯಾ ಇನ್ನೂ ಜೀವಂತ ಅದಾನ.’ ಮಾಸ್ತರರು ಅಲ್ಲೇ ಕೂತು ತಮ್ಮ ಚೆಂದದ ಅಕ್ಷರದಲ್ಲಿ ಬರೆದರು. ಬರೆಯುವಾಗ ಅವರ ಕಿವಿಗಳು ಕೆಂಪಗಾಗಿದ್ದವು.

ಮುಂಬಯಿ

ವಿಮಾನ ನಿಲ್ದಾಣದ ತಪಾಸಣೆಯವನು ನನ್ನ ಮುಷ್ಟಿ ನೋಡಿ ಸಂಶಯಪಟ್ಟ. ಬಿಚ್ಚಲು ಹೇಳಿದ. ಬಿಚ್ಚಿದೆ. ಪರದೇಶದ ರತ್ನವಿರಬಹುದು, ಇಲ್ಲಿಟ್ಟು ಹೋಗಿ, ಪರೀಕ್ಷೆ ಮಾಡಿಸಿ ಆಮೇಲೆ ಕೊಡುತ್ತೇವೆ, ರಸೀದಿ ಬರೆದುಕೊಡುತ್ತೇನೆ ಎಂದು ಹಿಂದಿಯಲ್ಲಿ ಹೇಳಿದ.

ರಸೀದಿ! ನಮ್ಮವನೇ, ನಮ್ಮ ದೇಶದವನೇ! ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಸಾಲಿನಲ್ಲಿದ್ದ ಒಂದು ಕೂಸು ಅಳತೊಡಗಿತು. ಅವನ ಮೇಲಿನ ಅಧಿಕಾರಿ ಬಂದು ಕಲ್ಲನ್ನು ಬಟ್ಟೆಯ ಮೇಲಿಂದಲೇ ನೋಡಿ, ಒಂದು ಹರಳಿಗೆ ಇಷ್ಟು ರಂಪವೇ ಎಂದು ನಕ್ಕು ನಮ್ಮನ್ನು ಹೋಗಲು ಬಿಟ್ಟ. ಮಲ್ಲಣ್ಣನ ಉಳಿದ ಚಟ್ನಿಯನ್ನು ಮಾತ್ರ ಪೂರಾ ಕೆದಕಿ ನೋಡಿದರು. ಕುಡಚಿ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹತ್ತುವ ತನಕ ನಾನು ಎಡಗೈಯಿಂದ ಬೇರೆ ಏನನ್ನೂ ಮುಟ್ಟಲಿಲ್ಲ. ಊಟಕ್ಕೂ ಮಲ್ಲಣ್ಣನೇ ರೊಟ್ಟಿ ಮುರಿದು ಕೊಟ್ಟ.

ಬನಹಟ್ಟಿ

ಅಪ್ಪ ಎಚ್ಚರವಾಗಿದ್ದ. ನನ್ನ ಹೆಂಡತಿ ಅವನ ಮೈ ಒರೆಸಿ, ಗೋಡೆಗೆ ಒರಗಿಸಿ ಕೂಡಿಸಿದ್ದಳು. ನಾನು ಮುಂದೆ ಕೂತು ಮುಷ್ಟಿ ಬಿಚ್ಚಿದೆ. ದಾರಿಯುದ್ದಕ್ಕೂ ಏನು ಹೇಳಲಿ ಎಂದು ಯೋಚಿಸಿದ್ದೆ. ಬಟ್ಟೆ ತೆಗೆದು ಅವನ ಎಡ ಅಂಗೈಯಲ್ಲಿ ಇಟ್ಟೆ.

ಅಪ್ಪ ನೋಡಿದ. ಬಹಳ ಹೊತ್ತು ನೋಡಿದ. ಬೊಗಸೆಯಷ್ಟು ಅಗಲದ ಆ ನೇಕಾರನ ಅಂಗೈಯಲ್ಲಿ ಅದು ಕಾಳಿನಂತೆ ಕಾಣುತ್ತಿತ್ತು.

‘ಕಂತಿ ಕಿತ್ತಾರಪ್ಪಾ ಬಾಡ್ಯಾಗೋಳು’ ಎಂದು ನಾನು ಶುರುಮಾಡಿದೆ. ‘ಕೊಳಿ ಅಂದ್ರಂತ, ಔಷಧ ಹಾಕಿ ತಿಕ್ಕಿದ್ರಂತ. ಕೈ ಸೇದಿಹೋಗಲಿ ಅವರವು. ನಾಳೆನ ಮಠಕ್ಕ ಹೋಗಿ ಅಜ್ಜಾರ ಕಡಿಂದ ಹೊಸಾ ಕಂತಿ...’

‘ಬೈಬ್ಯಾಡ’ ಎಂದ ಅಪ್ಪ. ಉಸಿರು ಹಿಡಿದು ಹಿಡಿದು ಮಾತಾಡಿದ. ಕಣ್ಣು ಅಂಗೈ ಬಿಟ್ಟು ಏಳಲಿಲ್ಲ.

‘ಕ್ಯಾಂಪಿನ ಬಾಗಲಾಗ ದುಭಾಷಿ ಒಬ್ಬ ಇದ್ದ. ನಮ್ಮ ದೇಶದವನ, ಹಿಂದಿ ಸೀಮೆಯಾಂವ. ಕೊರಳಾಗ ಏನೈತಿ ಅಂತ ಕೇಳಿದ. ಲಿಂಗ ಐತ್ರಿ ಅಂದೆ. ಅವ ನಕ್ಕ. ಅವರ ಮಾತಿನ್ಯಾಗ ಆ ಶಬ್ದಕ್ಕ ಬ್ಯಾರೆ ಅರ್ಥ ಅಂತ ನನಗ ಹೆಂಗ ಗೊತ್ತಾಗಬೇಕು? ಅವ ತಿರುಗಿ ಸಾಹೇಬಗೋಳಿಗೆ ಹೇಳಿದ. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ರು. ಒಂದು ಕೊರಳಾಗ ಐತಿ, ಇನ್ನೊಂದು ಎಲ್ಲಿಟ್ಟಾನ ನೋಡೂಣು ಅಂದ್ರು. ನನ್ನ ಮೈಮ್ಯಾಲಿನ ಅರಿವಿ ಅಂಗಿ ಎಲ್ಲಾ ಬಿಚ್ಚಿಸಿದ್ರು. ನಮ್ಮ ಪಲ್ಟಣದವರ ಮುಂದ, ಆ ಊರ ಮಂದಿ ಮುಂದ. ಇದನ್ನ ಮೇಜಿನ ಮ್ಯಾಲ ಇಟ್ಟಿದ್ರು. ಅದರ ಮುಂದ ನಿಂತಿದ್ದೆ, ಹೊತ್ತು ಮುಣುಗೂತನಾ.’

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಪಂಕ್ತಿಯಲ್ಲಿ ಪಕ್ಕ ಕೂಡದವರು, ಮುಧೋಳದಲ್ಲಿ ಹೇಗೆ ಉಳಿದಾನೆ ಎಂದು ಕೇಳಿದವನು, ಇವರೆಲ್ಲರ ಮುಂದೆ ಅಪ್ಪ ಈ ಒಂದು ಮಾತನ್ನು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಮ್ಮ ಅವ್ವನಿಗೂ ಇದನ್ನು ಹೇಳಿರಲಿಲ್ಲ, ಹೇಳದೆಯೇ ಆಕೆಯನ್ನು ಮಣ್ಣು ಮಾಡಿ ಬಂದಿದ್ದ.

‘ಅಪ್ಪಾ, ನಾಳೆ ಮಠಕ್ಕ...’

‘ನಾಳಿನ ಮಾತು ನಾಳಿಗೆ.’

ಬಲಗೈಯಿಂದ ತನ್ನ ಹೆಗಲ ಮೇಲಿನ ವಸ್ತ್ರವನ್ನು ಎಳೆದುಕೊಂಡ. ಕೈಗೆ ಬಲವಿರಲಿಲ್ಲ, ಸಹಾಯ ಮಾಡಲು ಹೋದರೆ ಬೇಡವೆಂದು ತಲೆ ಆಡಿಸಿದ. ಅಂಗೈಯಲ್ಲಿದ್ದುದನ್ನು ಆ ವಸ್ತ್ರದ ತುದಿಯಿಂದ ಮೆಲ್ಲಗೆ ಮುಚ್ಚಿದ, ಸುತ್ತಲೂ ಒತ್ತಿ ಸರಿಮಾಡಿದ.

‘ಅವತ್ತ ನನ್ನ ಮ್ಯಾಲ ಯಾರೂ ಒಂದ ಅರಿವಿ ಒಗೀಲಿಲ್ಲ’ ಎಂದ.